ಗಿಡ್ಡಯ್ಯನ ಹೆಸರು ಹೇಳಿ ಹಿಡಿದ ಸ್ಟೇರಿಂಗು

ಕುಂದೂರಿನ ಶಾಲೆಯಲ್ಲಿ ನನ್ನ ಬಳಿ ಓದಿದ ಸಿದ್ದಮಲ್ಲಪ್ಪನನ್ನು ಊರಿನವರೆಲ್ಲ ಸಿದ್ದು ಎಂದೇ ಕರೆಯುತ್ತಿದ್ದರು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಮೊದಲು ಅವನ ಕಿವಿಗಳು ಕೆಂಪಾಗುತ್ತಿದ್ದವು. ಸುಳ್ಳು ಹೇಳಿದಾಗಲಂತೂ ಅವು ಉರಿಯುವ ಕೆಂಡದಂತಾಗುತ್ತಿದ್ದುದರಿಂದ ಪಾಪ, ಅವನು ಸುಳ್ಳಿನ ಗೋಜಿಗೆ ಹೋಗುತ್ತಿರಲಿಲ್ಲ. ಬದುಕಿನಲ್ಲಿ ಅವನು ಹೇಳಿದ ಒಂದೇ ಒಂದು ದೊಡ್ಡ ಸುಳ್ಳಿನ ಸಂಗತಿಯನ್ನು ಅವನೇ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಹೇಳಿದ್ದಾನೆ.

ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಸಿದ್ದು ಜೀಪು ಓಡಿಸುತ್ತಿದ್ದ. ಎರಡು ಸಾವಿರದ ಒಂದರ ಸುಮಾರಿಗೆ ಕಾಫಿಯ ಬೆಲೆ ನೆಲ ಕಚ್ಚಿತು. ಎಸ್ಟೇಟಿನವರು ಜೀಪನ್ನು ಮಾರಿದರು. ಜೀಪಿನೊಂದಿಗೆ ಕೆಲಸ ಹೋಯಿತು, ಕೆಲಸದೊಂದಿಗೆ ಎಸ್ಟೇಟಿನವರು ಕೊಟ್ಟಿದ್ದ ಲೈನಿನ ಮನೆಯೂ ಹೋಯಿತು. ಹೆಂಡತಿ ಪುಷ್ಪಾ ಮತ್ತು ಎಳೆಯ ಮಗಳನ್ನು ಕರೆದುಕೊಂಡು ಅವನು ಆಲೂರಿನಲ್ಲಿದ್ದ ಮಾವನ ಮನೆಗೆ ಬಂದ. ಮಾವ ಮಹಾದೇವಯ್ಯನವರದು ದಿನಸಿ ಅಂಗಡಿ. ಕೆಟ್ಟವರಲ್ಲ, ಆದರೆ ನಾಲಗೆಗೆ ಹಿಡಿತವಿರಲಿಲ್ಲ.

"ಅಳಿಯಂದ್ರು ಇವತ್ತೂ ಮನೇಲೇ ಅವ್ರಾ? ಒಳ್ಳೇದೇ ಆಯ್ತು ಬುಡು, ಅಕ್ಕಿ ಮೂಟೆ ಇಳ್ಸೋಕೆ ಜನ ಹುಡುಕೋದು ತಪ್ತು," ಎಂದು ಗಿರಾಕಿಗಳ ಮುಂದೆಯೇ ಹೇಳುವರು. ಗಿರಾಕಿಗಳು ನಗುವರು. ಸಿದ್ದುವೂ ನಗುತ್ತಲೇ ಮೂಟೆ ಇಳಿಸುವನು. ರಾತ್ರಿ ಪುಷ್ಪಾ ಮೆಲ್ಲಗೆ ಕೇಳುವಳು: "ಯುಗಾದಿ ಹೊತ್ಗಾದ್ರೂ ನಮ್ದು ಅಂತ ಒಂದು ಒಲೆ ಹೂಡಾಕಾಯ್ತದಾ?"

ಹಾಸನದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿ ಅವನು ಲಾರಿ ಓಡಿಸುವುದನ್ನು ಕಲಿತ, ಹೆವಿ ಲೈಸೆನ್ಸನ್ನೂ ಪಡೆದ. ಅಲ್ಲಿ ಲಾರಿಯೂ ಖಾಲಿ, ರಸ್ತೆಯೂ ಖಾಲಿ. ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು ಸಕಲೇಶಪುರದ ಲಾರಿ ಮಾಲೀಕರ ಬಾಗಿಲುಗಳನ್ನು ತಟ್ಟತೊಡಗಿದಾಗಲೇ ಅವನಿಗೆ ತಿಳಿದದ್ದು, ಆ ಕಾಗದವನ್ನು ಅಲ್ಲಿ ಯಾರೂ ಬಿಡಿಸಿ ಸಹ ನೋಡುವುದಿಲ್ಲವೆಂದು. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: "ಯಾರ ಕೈಕೆಳಗೆ ಪಳಗಿದೀಯ?"

ಆ ಕಸುಬಿನ ರೀತಿಯೇ ಹಾಗೆ. ಮೊದಲು ಒಬ್ಬ ಡ್ರೈವರನ ಜೊತೆಯಲ್ಲಿ ವರ್ಷಗಟ್ಟಲೆ ಕ್ಲೀನರಾಗಿ ಗಾಜು ಒರೆಸಬೇಕು, ಹಗ್ಗ ಬಿಗಿಯಬೇಕು, ಏರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡಬೇಕು. ಬಳಿಕ ಒಂದು ದಿನ ಗುರುವೇ ಎದ್ದು ತನ್ನ ಜಾಗವನ್ನು ಬಿಟ್ಟುಕೊಡುತ್ತಾನೆ. ಆ ಗುರುವಿನ ಹೆಸರೇ ಯೋಗ್ಯತಾಪತ್ರ. ಸಿದ್ದುವಿಗೆ ಹೇಳಲು ಅಂಥ ಹೆಸರಿರಲಿಲ್ಲ. "ಸ್ಕೂಲಲ್ಲಿ ಕಲ್ತೋನಾ? ಹಂಗಾದ್ರೆ ಸ್ಕೂಲಿಗೇ ಹೋಗಪ್ಪ," ಎಂದು ಒಬ್ಬರು ಬಾಗಿಲಿನಿಂದಲೇ ಕಳುಹಿಸಿದರು.

ಕೊನೆಗೆ ಉಳಿದವರು ಸುಬ್ಬಯ್ಯನವರು. ಅವರ ಲಾರಿಗಳು ಘಟ್ಟ ಇಳಿದು ಮಂಗಳೂರಿಗೂ ಹೋಗುತ್ತಿದ್ದವು, ಶುಂಠಿ ತುಂಬಿಕೊಂಡು ಬೊಂಬಾಯಿಗೂ ಹೋಗುತ್ತಿದ್ದವು. ಅವರೂ ಅದನ್ನೇ ಕೇಳಿದರು. ಸಿದ್ದುವಿನ ಬಾಯಿಂದ, ಅವನಿಗೇ ತಿಳಿಯದಂತೆ, ಒಂದು ಹೆಸರು ಹೊರಬಿತ್ತು.

"ಮಾರನಹಳ್ಳಿ ಗಿಡ್ಡಯ್ಯನವರ ಕೈಕೆಳಗೆ, ಸಾವ್ಕಾರ್ರೇ."

ಗಿಡ್ಡಯ್ಯನನ್ನು ಅವನು ಕಂಡವನೇ ಅಲ್ಲ. ಶಿರಾಡಿ ಘಾಟಿಯಲ್ಲಿ ಒಂದು ಸಲವೂ ಗಾಡಿ ಕೆಡಿಸಿಕೊಳ್ಳದ ಡ್ರೈವರೆಂದು ಹಾನುಬಾಳಿನ ಜೀಪಿನವರು ಟೀ ಕುಡಿಯುತ್ತ ಹೊಗಳುವುದನ್ನು ಕೇಳಿದ್ದನಷ್ಟೆ. ಕಣ್ಣು ಮಂಜಾಗಿ, ಸ್ಟೇರಿಂಗು ಬಿಟ್ಟು, ಮಗಳಿದ್ದ ದೂರದ ಊರಿಗೆ ಹೊರಟುಹೋದನೆಂದೂ ಕೇಳಿದ್ದ.

ಸುಬ್ಬಯ್ಯನವರ ಮುಖ ಅರಳಿತು. "ಗಿಡ್ಡಯ್ಯನ ಶಿಷ್ಯನಾ! ಮೊದ್ಲೇ ಹೇಳೋದಲ್ವೇನೋ ಮಾರಾಯ? ನಾಳೆ ಬೆಳಿಗ್ಗೆ ಕಾಫಿ ಲೋಡ್ ಐತೆ, ಮಂಗಳೂರಿಗೆ. ಇದು ಸರಿಹೋದ್ರೆ ಬೊಂಬಾಯಿ ಲೈನು ನಿಂದೇ."

ಪುಷ್ಪಾ ಆ ದಿನ ಪಾಯಸ ಮಾಡಿದಳು. ಸಿದ್ದು ತನ್ನ ಪಾಲನ್ನೂ ಮಗಳಿಗೆ ತಿನ್ನಿಸಿದ.

ಮರುದಿನ ಲಾರಿಯಲ್ಲಿ ಜೊತೆಗೆ ಬಂದವನು ಕ್ಲೀನರ್ ದಾಸಯ್ಯ. ಸಿದ್ದುವಿಗಿಂತ ಹಿರಿಯ, ಬಹಳ ಕಾಲದಿಂದ ಸುಬ್ಬಯ್ಯನವರಲ್ಲೇ ಇದ್ದವನು. ಅವನ ಮಡಿಲಲ್ಲಿ ಒಂದು ಕೈಚೀಲವಿತ್ತು. ಊರು ದಾಟುತ್ತಲೇ ಅದನ್ನು ತೆರೆದು ತೋರಿಸಿದ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ.

"ಇದೇನು ದಾಸಣ್ಣ?"

"ಏನು ಅಂತೀರಲ್ಲ ಡ್ರೈವರ್ರೇ! ಮೊದ್ಲನೇ ಲೋಡು. ಗುರುಗಳ ಕೈ ಸ್ಟೇರಿಂಗಿಗೆ ಮುಟ್ಟಿಸ್ದೆ ಘಟ್ಟ ಇಳಿಯೋದುಂಟಾ? ಸಾವ್ಕಾರ್ರೇ ಕೊಟ್ಟು ಕಳ್ಸವ್ರೆ."

"ಅವ್ರು... ಮಗಳ ಊರಿಗೆ ಹೋಗವ್ರಂತಲ್ಲ?"

"ಅಲ್ಲಿನ ಸೆಕೆ ಒಗ್ಗಲಿಲ್ವಂತೆ. ದೀಪಾವಳಿಗೇ ವಾಪಸ್ ಬಂದ್ಬುಟ್ರು. ಶಿಷ್ಯಂಗೇ ಗೊತ್ತಿಲ್ವಾ?" ದಾಸಯ್ಯ ನಕ್ಕ. ಅನಂತರ ಸಿದ್ದುವಿನ ಕಿವಿಗಳನ್ನು ನೋಡಿದ. ನಗು ನಿಂತಿತು.

ದಾರಿಯ ದೋಣಿಗಾಲು ಊರು ಕಳೆಯಿತು. ಬೆನ್ನ ಹಿಂದೆ ಕಾಫಿಮೂಟೆಗಳ ಭಾರ. ಖಾಲಿ ಲಾರಿಯಲ್ಲಿ ಹಗುರವಾಗಿದ್ದ ಸ್ಟೇರಿಂಗು ಈಗ ಬೇರೆಯೇ ಪ್ರಾಣಿಯಂತೆ ಎಳೆಯುತ್ತಿತ್ತು. ಘಟ್ಟದ ಬಾಯಲ್ಲೇ ಇದ್ದ ಮಾರನಹಳ್ಳಿಯಲ್ಲಿ ನಿಲ್ಲದೆ ಹೋಗಿಬಿಡಲೇ ಎಂದು ಒಮ್ಮೆ ಅನ್ನಿಸಿತು. ನಿಲ್ಲದಿದ್ದರೆ ದಾಸಯ್ಯ ಏನೆನ್ನುವನು? ನಿಂತರೆ ಗಿಡ್ಡಯ್ಯ ಏನೆನ್ನುವನು? ಅಂಗೈ ಬೆವೆತು ಜಾರುತ್ತಿತ್ತು. ಅದನ್ನು ಮತ್ತೆ ಮತ್ತೆ ಪ್ಯಾಂಟಿಗೆ ಒರೆಸಿಕೊಂಡ.

ಗಿಡ್ಡಯ್ಯ ರಸ್ತೆಯಂಚಿನ ಟೀ ಅಂಗಡಿಯ ಬೆಂಚಿನ ಮೇಲೆಯೇ ಕುಳಿತಿದ್ದ. ಸಣ್ಣ ಆಳು. ಕಣ್ಣಿನ ಮೇಲೆ ಹಾಲಿನ ಕೆನೆ ಕಟ್ಟಿದಂತಿತ್ತು. ದಾಸಯ್ಯ ಕೂಗಿ ಹೇಳಿದ: "ಗಿಡ್ಡಣ್ಣ, ನಿಮ್ ಶಿಷ್ಯ ಬಂದವ್ರೆ! ಆಲೂರಿನ ಸಿದ್ದು. ಸುಬ್ಬಯ್ಯೋರ ಗಾಡಿ."

"ಶಿಷ್ಯನಾ?" ಮುದುಕ ತಲೆಯನ್ನು ಓರೆ ಮಾಡಿದ. ಸಿದ್ದು ಬಗ್ಗಿ ಅವನ ಪಾದ ಮುಟ್ಟಿದ. ಗಿಡ್ಡಯ್ಯ ಆ ಕೈಯನ್ನು ಹಿಡಿದು ಬೆರಳುಗಳನ್ನೂ ಅಂಗೈಯನ್ನೂ ಸವರಿ ನೋಡಿದ. ಹಗ್ಗ ಬಿಗಿದು ಜಡ್ಡುಗಟ್ಟಿದ ಕೈಯಲ್ಲ ಅದು.

"ಹೂಂ. ನನ್ನ ಹತ್ತಿಸ್ರೋ ಗಾಡಿಗೆ," ಎಂದ. "ಗುಂಡ್ಯದವರ್ಗೂ ಬತ್ತೀನಿ."

ಲಾರಿಯೊಳಗೆ ಕೂರಿಸಿದ ಮೇಲೆ ಮೆಲುದನಿಯಲ್ಲಿ ಹೇಳಿದ: "ನೀನು ಯಾರೋ ನಾ ಕಾಣೆ. ಆದ್ರೆ ಗಾಡಿ ಹೊಳೆಗೆ ಬಿದ್ರೆ, ಗಿಡ್ಡಯ್ಯನ ಶಿಷ್ಯ ಬಿದ್ದ ಅಂತಾರೆ. ಬುಡು ಗಾಡೀನ. ಎರಡನೇ ಗೇರು. ನಾನು ಹೇಳಗಂಟ ಅದ್ನ ಬದಲಾಯಿಸ್ಬೇಡ."

ಘಟ್ಟ ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮರಗಳ ತುದಿ. ಆ ತುದಿಗಳ ಕೆಳಗೆಲ್ಲೋ ಕೆಂಪುಹೊಳೆಯ ಸದ್ದು. ಪ್ರತಿ ತಿರುವಿನಲ್ಲೂ ಸಿದ್ದುವಿನ ಬಲಗಾಲು ತಾನಾಗಿಯೇ ಬ್ರೇಕಿನತ್ತ ಓಡುತ್ತಿತ್ತು. ಮುದುಕನಿಗೆ ಕಣ್ಣು ಕಾಣದಿದ್ದರೂ ಅದು ತಿಳಿಯುತ್ತಿತ್ತು.

"ಕಾಲು ತೆಗಿಯೋ! ಎಂಜಿನ್ನೇ ಹಿಡ್ಕೊಂಡೈತಲ್ಲ. ಬ್ರೇಕ್ನೇನು ಮಾವನ ಮನೆ ಮೆಟ್ಲು ಅನ್ಕಂಡಿದೀಯಾ, ಹಂಗೆ ತುಳೀತೀಯ?"

ದಾಸಯ್ಯ ಕಿಸಕ್ಕೆಂದ. ಹಿಂದೆ ಬಸ್ಸೊಂದು ಹಾರನ್ ಮೇಲೆ ಹಾರನ್ ಹೊಡೆಯುತ್ತಿತ್ತು. "ಹೊಡ್ಕಳ್ಳಿ ಬುಡು," ಎಂದ ಗಿಡ್ಡಯ್ಯ, "ಅವನ ಹೆಂಡ್ರು ಕಾಯ್ತಾ ಇರ್ಬೌದು. ನಿಂಗೂ ಹೆಂಡ್ರವ್ಳಾ?"

"ಅವ್ಳೆ."

"ಹಂಗಾದ್ರೆ ನಿಧಾನಕ್ಕೋಗು."

ಘಟ್ಟದ ಬುಡದ ಗುಂಡ್ಯ ತಲುಪಿದಾಗ ಸಿದ್ದುವಿನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದಾಸಯ್ಯ ಸಂಭ್ರಮದಿಂದ ಕೈಚೀಲವನ್ನು ತೆಗೆದ. ಗಿಡ್ಡಯ್ಯ ಅವನ ಕೈ ತಡೆದ. "ಅದು ಈಗ ಬ್ಯಾಡ. ನೋಡೋ ಸಿದ್ದು, ಹೆಸರು ಮೊದ್ಲು ಹೇಳ್ಬುಟ್ಟೆ, ಕೆಲ್ಸ ಆಮೇಲೆ ಕಲ್ತೆ. ಸುಬ್ಬಯ್ಯ ನನ್ನ ಕೇಳಿದ್ರೆ ಇದ್ದದ್ದೇ ಹೇಳ್ತೀನಿ. ಅವನು ಕೇಳೋಕ್ ಮುಂಚೆ ನೀನೇ ಹೇಳು." ಎಂದವನೇ ಮೇಲಕ್ಕೆ ಹೋಗುವ ಬಸ್ಸನ್ನು ಹತ್ತಿ ಹೊರಟುಹೋದ.

ಮಂಗಳೂರಿನಲ್ಲಿ ಕಾಫಿ ಇಳಿಸಿ, ಹೆಂಚು ತುಂಬಿಕೊಂಡು ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಮಾತೇ ಅವನ ತಲೆಯಲ್ಲಿ ಕೊರೆಯುತ್ತಿತ್ತು. "ನಾನಂತೂ ಬಾಯಿ ಬುಡಲ್ಲ ಕಣ್ರೀ," ಎಂದ ದಾಸಯ್ಯ. "ಗಿಡ್ಡಣ್ಣನ್ನ ಸಾವ್ಕಾರ್ರು ನೋಡೋದು ವರ್ಷಕ್ಕೊಂದ್ಸಲ." ಅದು ಸಮಾಧಾನದ ಮಾತೇ. ಆದರೆ ಆ ಒಂದು ದಿನ ಯಾವಾಗ ಬರುವುದೋ ಎಂದು ಮಿಕ್ಕ ದಿನಗಳಲ್ಲೆಲ್ಲ ಹೆದರುತ್ತಿರಬೇಕಲ್ಲ!

ಸಕಲೇಶಪುರ ತಲುಪಿದ ಕೂಡಲೇ ಸಿದ್ದು ಹೇಳಿಬಿಟ್ಟ. ಸುಬ್ಬಯ್ಯನವರು ಕೈ ಚಾಚಿದರು. ಅವನು ಬೀಗದ ಕೈಯನ್ನು ಆ ಕೈಯಲ್ಲಿಟ್ಟ. ಆಗ ಅವರ ಸಿಟ್ಟು ಹೊರಬಿತ್ತು. "ಒಂದು ಲಾರಿ, ಒಂದು ಲೋಡು, ಈ ದಾಸಯ್ಯನ ಜೀವ! ಎಲ್ಲಾನೂ ಒಂದು ಸುಳ್ಳಿನ ಮೇಲೆ ಇಳ್ಸವ್ನೆ!" ಕೂಗಿ ಕೂಗಿ ದಣಿದ ಮೇಲೆ ದಾಸಯ್ಯನತ್ತ ತಿರುಗಿದರು. "ಹೆಂಗಿಳಿಸ್ದ?"

"ಬ್ರೇಕು ಸುಟ್ಟ ವಾಸ್ನೆ ಬರ್ಲಿಲ್ಲ ಸಾವ್ಕಾರ್ರೇ," ಎಂದ ದಾಸಯ್ಯ.

ಸುಬ್ಬಯ್ಯನವರು ಬೀಗದ ಕೈಯನ್ನು ಹಿಂದಕ್ಕೆ ಕೊಡಲಿಲ್ಲ. "ಬೊಂಬಾಯಿ ಗಾಡೀಲಿ ಕರಿಯಪ್ಪಂಗೆ ಕ್ಲೀನರಿಲ್ಲ. ಹೋಗೋದಾದ್ರೆ ಹೋಗು. ಮೊದ್ಲು ಕಲಿ," ಎಂದರು.

ಮಹಾದೇವಯ್ಯನವರಿಗೆ ಹಬ್ಬವಾಯಿತು. "ಅಳಿಯಂದ್ರು ಡ್ರೈವರಾಗೋಕೆ ಹೋಗಿ ಕ್ಲೀನರಾಗಿ ಬಂದವ್ರೆ!" ಪುಷ್ಪಾ ಮಾತ್ರ ಅವನ ಹಳೆಯ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಯುಗಾದಿ ಮಾವನ ಮನೆಯಲ್ಲೇ ಕಳೆಯಿತು. ಮೀಸೆ ಬಲಿತ ಮೇಲೆ ಗಾಜು ಒರೆಸುವುದು ಸುಲಭವಲ್ಲ. ಕರಿಯಪ್ಪನಿಗೆ ಇವನಷ್ಟೇ ವಯಸ್ಸು. "ಸ್ಕೂಲ್ ಮಾಸ್ಟ್ರೇ, ಹಗ್ಗ ಬಿಗೀರಿ," ಎಂದೇ ಕರೆಯುತ್ತಿದ್ದ. ಸಿದ್ದು ಬಿಗಿದ. ಒಂದು ಮಳೆಗಾಲ, ಒಂದು ಬೇಸಿಗೆ, ಮತ್ತೆ ಅರ್ಧ ಮಳೆಗಾಲ.

ಶುಂಠಿ ಕೀಳುವ ಕಾಲ ಬಂದಾಗ ಸುಬ್ಬಯ್ಯನವರು ಒಂದು ಬೆಳಿಗ್ಗೆ ಅವನನ್ನು ಕರೆದು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಲಾರಿ ಬೊಂಬಾಯಿಗೆ, ಹಾಸನದ ದಾರಿಯಾಗಿ. ಸಿದ್ದು ಅದನ್ನು ಹೊರತೆಗೆದು, ಹಾಸನದತ್ತ ಅಲ್ಲ, ನೇರ ಘಟ್ಟದತ್ತ ತಿರುಗಿಸಿದ.

"ಎತ್ಲಾಗೋ? ಬೊಂಬಾಯಿ ಆ ಕಡೆ ಐತೆ!" ಎಂದು ಸುಬ್ಬಯ್ಯನವರು ಬೀದಿಗೆ ಓಡಿಬಂದರು. ಪಕ್ಕದಲ್ಲಿದ್ದ ದಾಸಯ್ಯ ಕಿಟಕಿಯಿಂದ ಕೈಚೀಲವನ್ನು ಎತ್ತಿ ತೋರಿಸಿದ.

ಮಾರನಹಳ್ಳಿಯ ಬೆಂಚಿನ ಮೇಲಿದ್ದ ಗಿಡ್ಡಯ್ಯ ಮೂಗರಳಿಸಿ, "ಶುಂಠಿ! ಇದು ಘಟ್ಟ ಇಳಿಯೋ ಲೋಡಲ್ವಲ್ಲೋ," ಎಂದ. ಸಿದ್ದು ಅವನ ಕೈ ಹಿಡಿದು ಸ್ಟೇರಿಂಗಿಗೆ ಮುಟ್ಟಿಸಿದ. ಎಲೆ ಅಡಿಕೆ ಕೊಟ್ಟ. ಮುದುಕ ಈ ಸಲವೂ ಅವನ ಅಂಗೈಯನ್ನು ಸವರಿ ನೋಡಿದ. ಎಲೆಯನ್ನು ಬಾಯಿಗಿಟ್ಟುಕೊಂಡ.

ಇನ್ನು ಉಳಿದದ್ದು ತುಂಬಿದ ಲಾರಿಯನ್ನು ಆ ಕಿರಿದಾದ ರಸ್ತೆಯಲ್ಲಿ ಹಿಂದಕ್ಕೆ ತಿರುಗಿಸುವುದು. ಎರಡು ಕಡೆಯಿಂದಲೂ ಬಸ್ಸುಗಳು ಬರುತ್ತಿದ್ದವು. ಸಿದ್ದುವಿನ ಅಂಗೈ ಮತ್ತೆ ಬೆವೆಯಿತು. ಆಗ ಗಿಡ್ಡಯ್ಯ, ಕಣ್ಣು ಕಾಣದವನು, ರಸ್ತೆಯ ನಟ್ಟನಡುವೆ ಹೋಗಿ ಎರಡೂ ಕೈ ಚಾಚಿ ನಿಂತುಬಿಟ್ಟ.

"ನಿಲ್ಸ್ರೋ ಎಲ್ಲ! ನಮ್ ಹುಡ್ಗ ಗಾಡಿ ತಿರುಗಿಸ್ತಾವ್ನೆ!"