ಕುರಿಯ ಹಿಂದೆ ಹೋದ ಫೋನು

ಎರಡು ವರ್ಷದ ಹಿಂದೆ, ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ ಇದ್ದಾಗ, ನನ್ನನ್ನು ಐಟಿಐ ವರ್ಕ್‌ಶಾಪಿನಿಂದ ತೆಗೆದು ತೆಲಂಗಾಣದ ಗಡಿಯ ನಾರಾಯಣಖೇಡದ ಇಂಟರ್ನ್‌ಶಿಪ್ ಸಹಾಯ ಕೇಂದ್ರಕ್ಕೆ ಹಾಕಿದರು. ಇಪ್ಪತ್ತೊಂಬತ್ತು ವರ್ಷ ಫಿಟ್ಟರ್ ಟ್ರೇಡ್ ಕಲಿಸಿದವನು ನಾನು. ಬೆಳಿಗ್ಗೆ ಎಂಟಕ್ಕೆ ಹಾಜರಿ, ಎಂಟೂ ಐದಕ್ಕೆ ಬಾಗಿಲು ಬಂದ್. ಹೊಸ ಜಾಗದಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ನಾನೊಬ್ಬ. ತಿಂಗಳಿಗೊಮ್ಮೆ ಜಹೀರಾಬಾದಿಗೆ ಹೋಗಿ ವರದಿ ಒಪ್ಪಿಸಬೇಕಿತ್ತು.

ಯೋಜನೆ ಸರಳವಾಗಿತ್ತು. ಓದು ಮುಗಿಸಿ ಕೆಲಸವಿಲ್ಲದೆ ಕೂತವರನ್ನು ಸರಕಾರ ಒಂದು ವರ್ಷ ಕಾರ್ಖಾನೆಗಳಿಗೆ ಕಳಿಸುತ್ತದೆ. ಅದು ನೌಕರಿಯಲ್ಲ, ಕೆಲಸ ಕಲಿಯುವ ಅವಕಾಶ, ಕೊನೆಗೊಂದು ಪ್ರಮಾಣಪತ್ರ. ಎಲ್ಲವೂ ಪೋರ್ಟಲ್ ಮೂಲಕ. ಜಾಗ ಸಿಕ್ಕವರು ಏಳು ದಿನದೊಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಬೇಕು. ಆಗ ಅರ್ಜಿಯಲ್ಲಿರುವ, ಮತ್ತೆ ಬದಲಿಸಲಾಗದ ಮೊಬೈಲ್ ನಂಬರಿಗೆ ಆರು ಅಂಕಿಯ ಒಟಿಪಿ ಬರುತ್ತದೆ. ಅದನ್ನು ಅರ್ಧ ಗಂಟೆಯೊಳಗೆ ತುಂಬಿದರೆ ಒಪ್ಪಿಗೆ ಪಕ್ಕಾ. ಇಪ್ಪತ್ತೈದು ವರ್ಷ ತುಂಬಿದವರಿಗೆ ಯೋಜನೆಯಲ್ಲಿ ಜಾಗವಿಲ್ಲ.

ಫೆಬ್ರವರಿಯ ಒಂದು ಸೋಮವಾರ ಒಂಬತ್ತಕ್ಕೆ ಸ್ವಲ್ಪ ಮುಂಚೆ ರೇಣುಕಾ ಬಂದಳು. ಕಲ್ಹೇರ್ ಹತ್ತಿರದ ಹಳ್ಳಿಯ ಹುಡುಗಿ, ಕುರಿ ಸಾಕುವ ಮನೆತನ, ಬಿಎಸ್ಸಿ ಮುಗಿಸಿ ಮೂರು ವರ್ಷವಾಗಿತ್ತು. ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು.

“ಸರ್, ತಾಂಡೂರಿನ ಸಿಮೆಂಟ್ ಫ್ಯಾಕ್ಟರಿ ಲ್ಯಾಬಿನಾಗ ನನ್ನ ಹೆಸರು ಬಂದದಂತ. ನಿನ್ನಿ ನಮ್ಮ ಗೆಳತಿ ನೋಡಿ ಹೇಳಿದಳು. ಇವತ್ತ ಸಂಜಿ ಐದಕ್ಕ ಕಡೀ ಅಂತ.”

“ಏಳು ದಿನ ಏನು ಮಾಡ್ತಿದ್ದಿ?”

“ಮೆಸೇಜು ಅಪ್ಪನ ಫೋನಿಗಿ ಬಂದದ ಸರ್. ಅಪ್ಪಗ ಓದಾಕ ಬರಂಗಿಲ್ಲ.”

“ಅಪ್ಪ ಎಲ್ಲಿ?”

“ಕುರಿ ಹಿಂದ ಹೋಗ್ಯಾನ.”

ಅವಳ ಅರ್ಜಿ ತೆರೆದೆ. ತುಂಬಿದವನು ನಾನೇ. ಮನೆಯ ನಂಬರ್ ಹೇಳು ಎಂದಿದ್ದೆ, ಹೇಳಿದ್ದಳು. ಕುರಿಯವರ ಮನೆಯಲ್ಲಿ ಒಂದೇ ಫೋನಿದ್ದರೆ ಅದು ಕುರಿಯ ಜೊತೆ ಹೋಗುತ್ತದೆ. ಹಿಂಡಿನಲ್ಲಿ ಬೇನೆ ಬಿದ್ದರೆ ಡಾಕ್ಟರಿಗೆ ಹೇಳಲು, ನಾಳೆ ಯಾರ ಹೊಲದಲ್ಲಿ ಹಿಂಡು ನಿಲ್ಲಿಸಬೇಕೆಂದು ಕೇಳಲು ಅದು ಅಲ್ಲೇ ಬೇಕು. ಇದು ನನಗೆ ಗೊತ್ತಿರಬೇಕಾಗಿದ್ದ ಸಂಗತಿ.

ಅವಳಿಗೆ ಮುಂದಿನ ತಿಂಗಳು ಇಪ್ಪತ್ತೈದು ತುಂಬುತ್ತಿತ್ತು. ಇನ್ನೊಂದು ಸುತ್ತು ಅವಳ ಪಾಲಿಗಿರಲಿಲ್ಲ.

ಅಪ್ಪ ಬೀರಪ್ಪನಿಗೆ ಫೋನ್ ಹಚ್ಚಿದೆವು. ಸ್ವಿಚ್ ಆಫ್. “ಫಿಕರ್ ಮಾಡಬ್ಯಾಡ” ಎಂದು ಅವಳಿಗೆ ಹೇಳಿ ಒಂದು ಕ್ರಮ ಹಾಕಿಕೊಂಡೆ. ಒಟಿಪಿಯ ಆಯುಷ್ಯ ಅರ್ಧ ಗಂಟೆ. ಪ್ರತಿ ಅರ್ಧ ಗಂಟೆಗೆ ಹೊಸದು ಕಳಿಸುತ್ತಿದ್ದರೆ, ಅವನು ಯಾವಾಗ ಫೋನ್ ಚಾಲು ಮಾಡಿದರೂ ಚಾಲ್ತಿಯಲ್ಲಿರುವ ಒಂದು ಅಂಕಿ ಅವನಿಗಾಗಿ ಕಾದಿರುತ್ತದೆ. ಒಂಬತ್ತಕ್ಕೆ ಒತ್ತಿದೆ, ಒಂಬತ್ತೂವರೆಗೆ ಒತ್ತಿದೆ. ಪ್ರತಿ ಸಲವೂ ‘ಒಟಿಪಿ ಕಳುಹಿಸಲಾಗಿದೆ’ ಎಂದು ಹಸಿರು ಅಕ್ಷರ ಮೂಡುತ್ತಿತ್ತು. ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಪ್ಪನಿಗೆ ಹೇಳಿ ಕಳಿಸಲು ಊರಿನ ಕಡೆ ಹೋಗುವ ಯಾರಾದರೂ ಸಿಗುತ್ತಾರೇನೋ ಎಂದು ರೇಣುಕಾ ಬಸ್ ಸ್ಟ್ಯಾಂಡಿಗೆ ಎರಡು ಸಲ ಹೋಗಿ ಬಂದಳು. ಒಂದೂವರೆಗೆ ಹತ್ತನೆಯ ಸಲ ಒತ್ತಿದೆ. ಆಗಲೂ ಆಫ್. ಕೋಣೆಗೆ ಬೀಗ ಹಾಕಿ ಒಂದು ಆಟೋ ಹಿಡಿದೆವು.

ಕಲ್ಹೇರ್ ದಾಟಿ ಕೇಳುತ್ತಾ ಕೇಳುತ್ತಾ ಹೋದೆವು. ಒಬ್ಬ ಸಿರ್ಗಾಪುರದ ಕಡೆ ಅಂದ, ಇನ್ನೊಬ್ಬ ಮಂಜೀರಾ ಹೊಳೆ ದಂಡೆ ಅಂದ. ಮೂರೂ ಇಪ್ಪತ್ತಕ್ಕೆ ಹೊಳೆಯ ಈಚೆ, ಕಡಲೆ ಕಿತ್ತ ಹೊಲವೊಂದರಲ್ಲಿ ಬೀರಪ್ಪ ಸಿಕ್ಕ. ಫೋನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಬಳಿಯ ಮಡಿಕೆಯಲ್ಲಿತ್ತು.

“ಹಗಲೆಲ್ಲಾ ಯಾಕ ಬಂದ್ ಇಡ್ತೀರಿ?” ಅಂದೆ.

“ಚಾರ್ಜ್ ಎಲ್ಲಿಂದ ತರ್ಲ್ರಿ ಸಾಹೇಬ್ರ? ಕುರಿ ಹಿಂಡಿದ್ರ ಕರೆಂಟ್ ಬರ್ತದೇನು? ಸಂಜಿ ಆರಕ್ಕ ಚಾಲು ಮಾಡ್ತೀನಿ, ಏಳಕ್ಕ ಬಂದ್ ಮಾಡ್ತೀನಿ. ಒಂದು ದಿನ ತಪ್ಪಿಲ್ಲ.”

“ಅಪ್ಪಾ, ಮಾತು ಆಮ್ಯಾಲ. ಜಲ್ದಿ ಚಾಲು ಮಾಡು,” ಎಂದು ರೇಣುಕಾ ಫೋನ್ ಕಸಿದುಕೊಂಡು ದಿಬ್ಬ ಹತ್ತಿದಳು.

ಮೇಲೆ ಸಿಗ್ನಲ್ ಬಂತು. ಮೆಸೇಜುಗಳು ಒಂದರ ಹಿಂದೊಂದು ಬಿದ್ದವು. ಹತ್ತೂ ನನ್ನವೇ, ಹತ್ತೂ ಹೊತ್ತು ಮೀರಿದವು. ನನ್ನ ಮೊಬೈಲಿನಲ್ಲಿ ಪೋರ್ಟಲ್ ತೆರೆದು ಹನ್ನೊಂದನೆಯ ಸಲ ಒತ್ತಿದೆ. ಈ ಸಲ ಅಕ್ಷರ ಕೆಂಪಾಗಿತ್ತು. ‘ದಿನದ ಮಿತಿ ಮುಗಿದಿದೆ. ಇಪ್ಪತ್ತನಾಲ್ಕು ಗಂಟೆಯ ನಂತರ ಪ್ರಯತ್ನಿಸಿ.’

ದಿನಕ್ಕೆ ಹತ್ತೇ ಎಂದು ಎಲ್ಲೂ ಬರೆದಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಸಹಾಯವಾಣಿಗೆ ಕರೆ ಮಾಡಿದೆ. ನಾಲ್ಕೂ ಐದಕ್ಕೆ ಒಬ್ಬಳು ಹೆಣ್ಣುಮಗಳು ಸಿಕ್ಕಳು, ತೆಲುಗಿನಲ್ಲಿ ಮಾತಾಡಿದಳು. ನಾನು ಅಧಿಕಾರಿ, ಹುಡುಗಿ ಇಲ್ಲೇ ಇದ್ದಾಳೆ, ಫೋನೂ ಕೈಯಲ್ಲಿದೆ, ತಪ್ಪು ನನ್ನದು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. “ಸಿಸ್ಟಮ್ ತಾನಾಗಿ ಮುಚ್ಚಿದೆ ಸರ್. ತೆರೆಯುವ ಅಧಿಕಾರ ನಮಗಿಲ್ಲ,” ಎಂದಳು. ಅಧಿಕಾರ ಯಾರಿಗಿದೆ ಎಂದು ಕೇಳಿದ್ದಕ್ಕೆ ಒಂದು ಈ-ಮೇಲ್ ವಿಳಾಸ ಕೊಟ್ಟಳು. ದಿಬ್ಬದ ಮೇಲೆ ನಿಂತೇ ಬರೆದು ಕಳಿಸಿದೆ. ಕೂಡಲೇ ಯಾಂತ್ರಿಕ ಉತ್ತರ ಬಂತು: ಏಳು ಕೆಲಸದ ದಿನಗಳಲ್ಲಿ ಪರಿಶೀಲಿಸಲಾಗುವುದು.

ಐದಾಯಿತು. ಮೂವರೂ ನನ್ನ ಮೊಬೈಲನ್ನೇ ನೋಡುತ್ತಿದ್ದೆವು. ಪರದೆ ಒಮ್ಮೆ ಮಿನುಗಿ, ಅವಳ ಹೆಸರಿನ ಮುಂದೆ ‘ಅಭ್ಯರ್ಥಿ ನಿರಾಕರಿಸಿದ್ದಾರೆ’ ಎಂದು ಬಂತು. ಓದಿ ಹೇಳಿದೆ.

“ಆಕಿ ಒಲ್ಲೆ ಅಂತ ಯಾವಾಗ ಅಂದಾಳ್ರಿ?” ಎಂದ ಬೀರಪ್ಪ. “ಇಲ್ಲೇ ನಿಂತಾಳಲ್ರಿ, ಒಮ್ಮಿ ಕೇಳ್ರಿ ಆಕೀನ.”

ಕೇಳುವುದಕ್ಕೆ ಏನಿತ್ತು? ಹತ್ತು ಸಲ ಒತ್ತಿ ದಾರಿ ಮುಚ್ಚಿದವನು ನಾನು ಎಂದು ರೇಣುಕಾಳಿಗೆ ಹೇಳಿದೆ.

“ನೋಡೇನಿ ಸರ್,” ಅಂದಳು. “ಎಷ್ಟು ಬರೋಬರಿ ಟೈಮಿಗಿ ಒತ್ತಿದ್ರಿ.” ಸಮಾಧಾನಕ್ಕೆ ಅಂದಳೋ, ಚುಚ್ಚಿ ಅಂದಳೋ, ನನಗೆ ಇವತ್ತಿಗೂ ತಿಳಿಯದು.

ತಿಂಗಳ ವರದಿಯಲ್ಲಿ ಕಾರಣದ ಕಾಲಮ್ಮಿಗೆ ಮೂರೇ ಆಯ್ಕೆಗಳಿದ್ದವು: ಅನರ್ಹ, ಗೈರು, ನಿರಾಕರಣೆ. ನಾಲ್ಕನೆಯದನ್ನು ಕೈಯಲ್ಲಿ ಬರೆದು ಜಹೀರಾಬಾದಿಗೆ ಒಯ್ದೆ: ‘ಕೇಂದ್ರದ ಅಧಿಕಾರಿಯ ತಪ್ಪು’. ಮೇಲಧಿಕಾರಿ ಓದಿ, ಒಳ್ಳೆಯ ಮನಸ್ಸಿನಿಂದಲೇ, “ಇದನ್ನ ಕಂಪ್ಯೂಟರ್ ತಗೊಳ್ಳಂಗಿಲ್ರಿ. ರಿಟೈರ್ ಆಗೋ ಹೊತ್ತಿಗಿ ಯಾಕ ಪರೇಶಾನಿ?” ಎಂದು ಹಾಳೆ ವಾಪಸ್ ಕೊಟ್ಟರು. ಈ-ಮೇಲಿನ ಉತ್ತರವೂ ಬಂತು: ಅವಧಿ ಮುಗಿದ ಸುತ್ತಿನ ದಾಖಲೆ ತಿದ್ದಲು ಅವಕಾಶವಿಲ್ಲ.

ಮುಂದಿನ ವಾರ ರೇಣುಕಾ ಮತ್ತೆ ಬಂದಳು. “ಊರಾಗ ಎಲ್ಲರೂ ನಾನೇ ಒಲ್ಲೆ ಅಂದೀನಂತಾರ ಸರ್. ನಾ ಅಂದಿಲ್ಲ ಅಂತ ಒಂದು ಕಾಗದ ಬರದು ಕೊಡ್ರಿ.” ಬರೆದು ಸಹಿ ಮಾಡಿ ಕೊಟ್ಟೆ. ಅವಳು ಕಾಗದವನ್ನು ತಿರುಗಿಸಿ ನೋಡಿ, “ಶಿಕ್ಕಾ ಹಾಕಲ್ಲೇನ್ರಿ?” ಅಂದಳು. ಕಚೇರಿಯ ಮೊಹರು ಕಂಪ್ಯೂಟರಿನಲ್ಲಿರುವ ದಾಖಲೆಯ ಮೇಲೆ ಮಾತ್ರ ಬೀಳಬೇಕು. ಹಾಕಲಿಲ್ಲ.

ಉಳಿದ ತಿಂಗಳುಗಳಲ್ಲಿ ಅರ್ಜಿಗೆ ಬಂದವರಿಗೆಲ್ಲ, ಹಗಲು ಹೊತ್ತು ಫೋನು ಯಾರ ಕೈಯಲ್ಲಿರುತ್ತದೆ ಎಂದು ಮೊದಲು ಕೇಳಿದೆ. ಅದು ಸಣ್ಣ ಪಾಠ. ದೊಡ್ಡದು ಬೇರೆ. ತಪ್ಪು ಒಪ್ಪಿಕೊಂಡರೆ ಅರ್ಧ ರಿಪೇರಿ ಆದಂತೆ ಎಂದು ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಹೇಳಿದ್ದೆ. ಒಪ್ಪಿಕೊಂಡರೂ ತೆಗೆದುಕೊಳ್ಳುವವರೇ ಇಲ್ಲದ ತಪ್ಪುಗಳಿವೆ ಎಂದು ಕೊನೆಯ ಹನ್ನೊಂದು ತಿಂಗಳು ಕಲಿಸಿದವು.