ಬಾಣಂತನದ ಸಂಗಯ್ಯ

ಬನವಾಸಿಯಲ್ಲಿ ಬೆಲ್ಲ, ಬೇಳೆ ಮಾರುತ್ತಿದ್ದ ಸಂಗಯ್ಯನಿಗೆ ಊರು ಇಟ್ಟ ಹೆಸರು ಬಾಣಂತನದ ಸಂಗಯ್ಯ. ಇಟ್ಟವರು ಹಂಗಿಸಲೆಂದೇ ಇಟ್ಟರು. ಎಲುಬಿಲ್ಲದ ನಾಲಿಗೆ, ಅದಕ್ಕೆ ಬೇರೇನು ಕೆಲಸ!

೧೯೬೧ರಲ್ಲಿ ಅವನ ಹೆಂಡತಿ ಪಾರ್ವತವ್ವ ಎರಡನೆಯ ಕೂಸನ್ನು ಹೆತ್ತಳು. ಮೊದಲನೆಯದು ತಾಯಿಯ ಹಾಲು ಸಾಲದೆ ಸೊರಗಿ, ಅವಳ ತವರಿನಲ್ಲೇ ತೀರಿಹೋಗಿತ್ತು. ಸಂಗಯ್ಯ ಅದರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಈ ಸಲದ ಹೆರಿಗೆ ಅವನ ಮನೆಯಲ್ಲೇ ಆಯಿತು. ಆದರೂ ಬಾಣಂತಿಯ ಕೋಣೆ ಹೆಂಗಸರದು. ಬಾಣಂತಿ ನೀರು ಕುಡಿದರೆ ಶೀತವಾಗುತ್ತದೆಂದು ಅವನ ತಾಯಿ ಅನ್ನಪೂರ್ಣವ್ವ ಊಟದ ಜೊತೆ ಒಂದೆರಡು ಗುಟುಕು ಕೊಡುತ್ತಿದ್ದಳು, ಅಷ್ಟೇ. ಮುದುಕಿ ಕೆಟ್ಟವಳಲ್ಲ, ಅವಳ ಅತ್ತೆಯೂ ಅವಳಿಗೆ ಹಾಗೆಯೇ ಮಾಡಿದ್ದಳು.

ಕೂಸು ಹಸಿದು ಅಳುವುದು ಅಂಗಡಿಗೂ ಕೇಳತೊಡಗಿದಾಗ ಸಂಗಯ್ಯ, ಇದೂ ಕೈಬಿಟ್ಟು ಹೋದೀತೆಂದು ಹೆದರಿ ನರ್ಸ್ ದೇವಕಿಬಾಯಿಯನ್ನು ಕರೆತಂದ. ಆಕೆ ನೋಡಿ ಹೊರಗೆ ಬಂದು, "ಬಾಣಂತಿ ತುಟಿ ಒಣಗ್ಯಾವ, ಹಾಲರ ಎಲ್ಲಿಂದ ಬರಬೇಕು? ಕುದಿಸಿ ಆರಿಸಿದ ನೀರು ಹೊಟ್ಟಿತುಂಬ ಕುಡಸ್ರಿ," ಎಂದಳು.

"ನಮ್ಮವ್ವಗ ಹೇಳಿ ಹೋಗ್ರಿ."

"ಹೇಳೇನಿ, ಕೇಳವಲ್ರು. ನಾ ಬಂದು ಹೋಗಾಕಿ, ಮನ್ಯಾಗ ಇರೋರು ನೀವು."

ಸಂಗಯ್ಯ ಹಿತ್ತಲಿಗೆ ಹೋದ. ಹೊಸದಾಗಿ ಈದ ಆಕಳ ಮುಂದೆ ಅನ್ನಪೂರ್ಣವ್ವನೇ ಬಾನಿ ತುಂಬ ಬೆಚ್ಚನೆಯ ನೀರಿಟ್ಟಿದ್ದಳು. ಆಕಳು ತಲೆಯೆತ್ತದೆ ಕುಡಿಯುತ್ತಿತ್ತು. ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ನೀರು ಕುದಿಸಿ, ಆರಿಸಿ, ಚೊಂಬು ಹಿಡಿದು ನೇರವಾಗಿ ಬಾಣಂತಿಯ ಕೋಣೆಗೇ ನುಗ್ಗಿದ.

"ಹೆಂಗಸರ ಜಾಗ ಇದು, ಹೊರಗ ನಡಿ!" ತಾಯಿ ಚೀರಿದಳು.

"ಈದ ಆಕಳಿಗೆ ಬಾನಿ ತುಂಬ ಕೊಡ್ತಿ ಯವ್ವಾ. ನಿನ್ನ ಸೊಸಿ ಏನ್ ಪಾಪ ಮಾಡ್ಯಾಳ?"

ಮುದುಕಿ ಪಕ್ಕಕ್ಕೆ ಸರಿದಳು. ಪಾರ್ವತವ್ವ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಖಾಲಿ ಮಾಡಿ, "ಇನ್ನೊಂದೀಟು ಕೊಡ್ರಿ," ಎಂದಳು.

ಅಂದಿನಿಂದ ಅವಳಿಗೆ ನೀರು, ಗಂಜಿ ಕೊಡುವುದು, ಕೂಸಿನ ಬಟ್ಟೆ ಒಗೆಯುವುದು ಎಲ್ಲವೂ ಅವನದೇ. "ಸಾವ್ಕಾರ್ರ, ಬಾಣಂತಿ ಖಾರ ನೀವೂ ತಿಂದ್ರೇನು?" ಎಂದು ಗಿರಾಕಿಗಳು ಕಿಸಕ್ಕನೆ ನಗುತ್ತಿದ್ದರು. ಅವನು ತನ್ನ ಪಾಡಿಗೆ ಬೆಲ್ಲ ತೂಗುತ್ತಿದ್ದ. ಪಾರ್ವತವ್ವನ ಎದೆಗೆ ಹಾಲು ಇಳಿಯಿತು, ಕೂಸಿನ ಕೆನ್ನೆ ತುಂಬಿತು.

ಮುಂದೆ ಅವನ ತಮ್ಮ ಕಲ್ಲಯ್ಯನ ಹೆಂಡತಿ ಹೆತ್ತಳು. ಕಲ್ಲಯ್ಯ ಮೆಲ್ಲಗೆ ಚಪ್ಪಲಿ ಮೆಟ್ಟಿ ಜಾರಿಕೊಳ್ಳುವುದನ್ನು ಕಂಡು ಅನ್ನಪೂರ್ಣವ್ವ ಕೋಣೆಯೊಳಗಿನಿಂದಲೇ ಕೂಗಿದಳು:

"ಎಲ್ಲಿಗೆ ಹೊಂಟೀಯೋ? ಗಂಡಸಲ್ಲೇನ್ ನೀ? ಒಳಗ ಬಾ!"