ಬಾಲ ಬಿಟ್ಟ ಗಂಟು

ಭದ್ರಾವತಿಯ ಕಾರ್ಖಾನೆ ಶೀಟುಗಳಿಗೆ ಬಣ್ಣ ಹೊಡೆಯುತ್ತ ಕೆಲಸ ಕಲಿತ ಖಾಜಾ ಪೀರ್, ಅಲ್ಲಿಂದ ನೀರಿನ ಟ್ಯಾಂಕುಗಳಿಗೆ ಏರಿದರು, ಟ್ಯಾಂಕಿನಿಂದ ಮೊಬೈಲ್ ಟವರ್‌ಗಳಿಗೆ. ಭದ್ರಾವತಿಯಿಂದ ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಕಾಣುವ ಕೆಂಪು-ಬಿಳಿ ಪಟ್ಟೆಗಳಲ್ಲಿ ಅರ್ಧದಷ್ಟು ಅವರ ಕೈಯವೇ. ಮೇಲೆ ಅವರು, ಕೆಳಗೆ ಮಲ್ಲೇಶ್. ಇಬ್ಬರೂ ಮದುವೆಗೆ ಮುಂಚಿನಿಂದ ಹೀಗೇ. ಒಬ್ಬ ಕತ್ತೆತ್ತಿ ನೋಡುತ್ತ, ಇನ್ನೊಬ್ಬ ಬಗ್ಗಿ ಕೂಗುತ್ತ ಮುದುಕರಾಗುತ್ತಿದ್ದರು.

ಬಣ್ಣದ ಡಬ್ಬಿ ಹಗ್ಗದಲ್ಲಿ ಮೇಲೆ ಹೋಗುತ್ತದೆ. ಆದರೆ ಬಿಚ್ಚಿದ ತುಕ್ಕು ಹಿಡಿದ ನಟ್ಟು-ಬೋಲ್ಟುಗಳಿಗೂ ಹಗ್ಗ ಇಳಿಸಿ ಏರಿಸುತ್ತ ಕೂತರೆ ಹೊತ್ತು ಮುಳುಗುತ್ತದೆ. ಅದಕ್ಕೆ ಅವರ ಗುರು, ತಮಿಳುನಾಡಿನ ತಂಗವೇಲು ಮೇಸ್ತ್ರಿ, ಒಂದು ಉಪಾಯ ಕಲಿಸಿದ್ದ. ಹಳೇ ಲುಂಗಿಯ ಚೂರಿನಲ್ಲಿ ಒಂದು ಹಿಡಿ ನಟ್ಟು ಕಟ್ಟಬೇಕು, ಉಳಿದ ಬಟ್ಟೆಯನ್ನು ಉದ್ದಕ್ಕೆ ಬಾಲದ ಹಾಗೆ ಬಿಡಬೇಕು, 'ಬಂತೂ' ಎಂದು ಕೂಗಿ ಕೈಬಿಡಬೇಕು. ಬಾಲ ಗಾಳಿಯಲ್ಲಿ ಪಟಪಟಿಸುತ್ತದೆ, ಗಂಟು ನಿಧಾನಕ್ಕೆ ಇಳಿಯುತ್ತದೆ. ಕೆಳಗಿನವನು ದಪ್ಪ ಗೋಣಿಚೀಲ ಮಡಚಿ ಹಿಡಿದು ಅದನ್ನು ಆರಾಮಾಗಿ ತೆಗೆದುಕೊಳ್ಳುತ್ತಾನೆ.

ವಿನೋಬನಗರದಲ್ಲಿ, ಮನೆಗಳ ಮಧ್ಯೆ ನಿಂತ ಒಂದು ಟವರ್‌ನಲ್ಲಿ, ಮಲ್ಲೇಶ್ ಆರಾಮಾಗಿ ತೆಗೆದುಕೊಳ್ಳಲಿಲ್ಲ. ಗಂಟು ಗೋಣಿಚೀಲವನ್ನು ತಪ್ಪಿ ಎಡಭುಜದ ಮೇಲೆ ಬಿತ್ತು. ಕೊರಳೆಲುಬು ಎರಡು ತುಂಡಾಯಿತು. ಪ್ಲೇಟ್ ಹಾಕಿದ ಮೇಲೂ ಎಡಗೈ ಬೆರಳುಗಳು ಮುಷ್ಟಿ ಕಟ್ಟುತ್ತಿಲ್ಲ.

ಬೆಳಿಗ್ಗೆ ತುಂತುರು ಬಿದ್ದಿತ್ತು. ಬಾಲ ಒದ್ದೆಯಾಗಿ ಗಂಟಿಗೆ ಸುತ್ತಿಕೊಂಡಿತು ಎಂದು ಖಾಜಾ ಪೀರ್ ಹೇಳಿದರು, ಎಲ್ಲರೂ ಒಪ್ಪಿದರು. ಮಳೆಯ ಮೇಲೆ ಯಾರು ಕೇಸು ಹಾಕುತ್ತಾರೆ.

ಅವರ ಮಗಳು ಆಲಿಯಾಳೂ ಒಪ್ಪಿದ್ದಳು. ಅವಳು ಭದ್ರಾವತಿಯ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ದಿನಾ ಬೆಳಿಗ್ಗೆ ಎಂಟು ತಿಂಗಳ ಕೂಸು ಅರ್ಷಿಯಾಳನ್ನು ಮಲವಗೊಪ್ಪದ ತವರಿನಲ್ಲಿ ಬಿಟ್ಟು ಬಸ್ಸು ಹತ್ತುತ್ತಾಳೆ. ಶನಿವಾರ ಸಂಜೆ ಮಗುವನ್ನು ಕರೆದೊಯ್ಯಲು ಬಂದವಳಿಗೆ ಅಬ್ಬಾ ಜಗುಲಿಯಲ್ಲಿ ಲುಂಗಿ ಹರಿಯುತ್ತ ಕೂತಿದ್ದು ಕಂಡಿತು.

"ಸೋಮವಾರದಿಂದ ಸೋಗಾನೆ ಕಡೆ ಕೆಲಸ ಬೇಟಾ. ಕೆಳಗೆ ಹಾಲಸ್ವಾಮಿ ನಿಲ್ತಾನೆ. ಈ ಸಲ ಒಂದು ಹನಿ ಬಿದ್ರೂ ಗಂಟು ಬಿಡಲ್ಲ. ಒಣಗಿದ್ರೆ ಮಾತ್ರ."

"ಎಷ್ಟು ನಟ್ಟು ಕಟ್ತೀರ ಅಬ್ಬಾ ಒಂದು ಗಂಟಿಗೆ?"

"ಮೊದ್ಲು ಒಂದು ಹಿಡಿ. ವಿನೋಬನಗರದಲ್ಲಿ ಪಕ್ಕದ ಮನೇಲಿ ಬಾಣಂತಿ ಇದ್ಲು. ಸಲಸಲಕ್ಕೂ ಬಂತೂ ಬಂತೂ ಅಂತ ಕೂಗಿದ್ರೆ ಮಗು ಬೆಚ್ಚಿ ಬೀಳ್ತಿತ್ತು. ಪಾಪ ಅಂತ ಎರಡು ಹಿಡಿ ಒಟ್ಟಿಗೆ ಕಟ್ಟಿ ಬಿಟ್ಟೆ. ಕೂಗೋದು ಅರ್ಧ ಆಯ್ತು, ಇನ್ಮೇಲೂ ಹಂಗೇ."

"ಬಟ್ಟೆ?"

"ಬಟ್ಟೆ ಅದೇ. ಯಾಕೆ?"

ಆಲಿಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಮೋಡದಷ್ಟು ಮೇಲಿಂದ ಬಿದ್ದ ಮಳೆಹನಿ ನಮ್ಮ ತಲೆಗೆ ಯಾಕೆ ತೂತು ಮಾಡುವುದಿಲ್ಲ ಎಂದು ಅವಳು ಪ್ರತಿ ವರ್ಷ ಹುಡುಗರಿಗೆ ಕೇಳುತ್ತಾಳೆ. ಉತ್ತರವನ್ನೂ ಅವಳೇ ಬೋರ್ಡಿನ ಮೇಲೆ ಬರೆಯುತ್ತಾಳೆ. ಆ ಲೆಕ್ಕ ಅಬ್ಬಾನ ಗಂಟಿಗೂ ಅನ್ವಯಿಸುತ್ತದೆ ಎಂದು ಇಷ್ಟು ದಿನ ಹೊಳೆದಿರಲಿಲ್ಲ.

ಮಾರನೆಯ ದಿನ ಭಾನುವಾರ, ಆಲಿಯಾ ಕೂಸನ್ನೆತ್ತಿಕೊಂಡು ಮತ್ತೆ ತವರಿಗೆ ಬಂದಳು. ಖಾಜಾ ಪೀರ್ ಸಂತೆಗೆ ಹೋಗಿದ್ದರು. ಪಕ್ಕದ ಮಂಜಪ್ಪನವರು ಮೂರನೇ ಅಂತಸ್ತು ಕಟ್ಟಿಸುತ್ತಿದ್ದ ಮನೆ, ಅದರ ಎದುರು ಮರಳಿನ ರಾಶಿ. ಆಲಿಯಾ ಒಣಗಿದ ಲುಂಗಿ ಚೂರುಗಳನ್ನೂ ನಟ್ಟಿನ ಡಬ್ಬಿಯನ್ನೂ ಹಿಡಿದು ಮೇಲೆ ಹತ್ತಿದಳು. ದೂರದಲ್ಲಿ ಕೂಸನ್ನು ಎತ್ತಿಕೊಂಡು ನಿಂತ ತಾಯಿ ರೋಶನ್ ಬೀ ಗೊಣಗುತ್ತಲೇ ಇದ್ದರು.

"ಎಂಎಸ್ಸಿ ಓದಿಸಿದ್ದು ಇದಕ್ಕಾ? ಪಕ್ಕದ ಮನೆ ಹತ್ತಿ ನಟ್ಟು ಎಸೆಯೋಕೆ? ಅಳಿಯ ನೋಡಿದ್ರೆ ನನ್ನನ್ನೇ ಬೈತಾನೆ."

"ಅವನು ಬಂದ್ರೆ ಅವನನ್ನೂ ಹತ್ತಿಸ್ತೀನಿ. ನೀವು ಇನ್ನೂ ಹಿಂದೆ ಹೋಗಿ ಅಮ್ಮಾ. ಇನ್ನೂ."

ಒಂದು ಹಿಡಿಯ ಗಂಟು ಬಾಲ ಬಿಚ್ಚಿಕೊಂಡು ಇಳಿದು ಮರಳಿನ ಮೇಲೆ ಮೆತ್ತಗೆ ಕೂತಿತು. ಎರಡು ಹಿಡಿಯದರ ಬಾಲವೂ ಚೆನ್ನಾಗಿಯೇ ಬಿಚ್ಚಿಕೊಂಡಿತು, ಆದರೆ ಗಂಟು ಮರಳಿನೊಳಗೆ ಅರ್ಧ ಹೂತುಹೋಯಿತು. ಆಲಿಯಾ ಮತ್ತೆ ಬಿಟ್ಟಳು. ಮತ್ತೆ ಹೂತಿತು. ಬಟ್ಟೆ ಒಣಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿ ಮಳೆಯೇ ಇರಲಿಲ್ಲ.

ಕೆಳಗೆ ಬಂದು ಮರಳಿನ ಗುಳಿಯೊಳಗೆ ಬೆರಳಿಟ್ಟು ನೋಡುತ್ತಿದ್ದಾಗ ರೋಶನ್ ಬೀ ಹತ್ತಿರ ಬಂದರು. ಗಂಡನ ಜೊತೆ ಇಷ್ಟು ವರ್ಷ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅವರಿಗೆ ಹೇಳಬೇಡ ಆಲಿಯಾ. ಮಳೆ ಅಂತ ಅಂದ್ಕೊಂಡ್ರೂ ರಾತ್ರಿ ನಿದ್ದೆ ಮಾಡ್ತಿಲ್ಲ. ತನ್ನ ಕೈಯಿಂದಲೇ ಆಯ್ತು ಅಂತ ಗೊತ್ತಾದ್ರೆ ಮನುಷ್ಯ ಉಳೀತಾನಾ?"

"ಹೇಳದೆ ಇದ್ರೆ ನಾಳೆ ಎರಡು ಹಿಡಿ ಕಟ್ತಾರೆ ಅಮ್ಮಾ. ಬಿಸಿಲಿದೆ ಅಂತ ಧೈರ್ಯವಾಗಿ ಬಿಡ್ತಾರೆ. ಕೆಳಗೆ ಹಾಲಸ್ವಾಮಿ."

ಕೂಸು ಅಜ್ಜಿಯ ಸೆರಗು ಜಗ್ಗಿತು. ರೋಶನ್ ಬೀ ಒಳಗೆ ಹೋದರು.

ಖಾಜಾ ಪೀರ್ ಬಂದು ಸಂತೆಯ ಚೀಲ ಇಳಿಸುವ ಮುಂಚೆಯೇ ಆಲಿಯಾ ಅವರನ್ನು ಮರಳಿನ ಹತ್ತಿರ ಕರೆದುಕೊಂಡು ಹೋದಳು. ಒಂದು ಹಿಡಿಯ ಗಂಟು ಕೂತ ಗುರುತನ್ನೂ ಎರಡು ಹಿಡಿಯದರ ಗುಳಿಯನ್ನೂ ತೋರಿಸಿದಳು.

"ಬೀಳೋದನ್ನ ಭೂಮಿ ಕೆಳಗೆ ಎಳೀತದೆ, ಗಾಳಿ ತಡೀತದೆ ಅಬ್ಬಾ. ಜೋರು ಹೆಚ್ಚಾದಂಗೆ ಗಾಳಿ ತಡೆಯೋದೂ ಹೆಚ್ಚಾಗ್ತದೆ. ಎರಡೂ ಸಮ ಆದ್ಮೇಲೆ ವೇಗ ಅಲ್ಲೇ ನಿಲ್ತದೆ, ಮತ್ತೆ ಏರಲ್ಲ. ಮೇಸ್ತ್ರಿ ಬಾಲ ಮಾಡೋ ಕೆಲಸ ಅದೇ, ಬೇಗ ಸಮ ಮಾಡೋದು. ಬಾಲ ಅಷ್ಟೇ ಇದ್ದು ಭಾರ ಜಾಸ್ತಿ ಆದ್ರೆ, ಸಮ ಆಗೋಕೆ ಇನ್ನೂ ಜೋರಾಗಿ ಬೀಳಬೇಕು."

"ಎರಡರಷ್ಟು ಭಾರಕ್ಕೆ ಎರಡರಷ್ಟು ಏಟು. ಅಷ್ಟು ನನಗೂ ಗೊತ್ತು. ಅಷ್ಟನ್ನ ಮಲ್ಲೇಶ್ ತಡ್ಕೋತಾನೆ."

"ಎರಡರಷ್ಟಲ್ಲ ಅಬ್ಬಾ. ಭಾರವೂ ಜಾಸ್ತಿ, ವೇಗವೂ ಜಾಸ್ತಿ. ನಾಲ್ಕರಷ್ಟು ಹತ್ತಿರ ಬರ್ತದೆ."

ಖಾಜಾ ಪೀರ್ ಗುಳಿಯನ್ನೇ ನೋಡಿದರು.

"ಒಣಗಿದ್ರೂ?"

"ಒಣಗಿದ್ರೂ."

"ಒದ್ದೆ ಆಗಿದ್ದಕ್ಕೆ ಸ್ವಲ್ಪನಾದ್ರೂ ಜಾಸ್ತಿ ಆಗಿರ್ತದಲ್ವಾ?"

ಆ ಪ್ರಶ್ನೆಗೆ ಹೌದು ಎಂದರೆ ಸುಳ್ಳಾಗುತ್ತಿರಲಿಲ್ಲ. ಆಲಿಯಾ ಹೌದೆಂದಳು. ಒಣಗಿದ್ದರೆ ಮಲ್ಲೇಶ್ ಮಾಮನ ಎಲುಬು ಉಳಿಯುತ್ತಿತ್ತು ಎಂದು ಹೇಳುವುದು ಮಾತ್ರ ಅವಳಿಂದ ಆಗಲಿಲ್ಲ. ಖಾಜಾ ಪೀರ್ ಚಪ್ಪಲಿ ಮೆಟ್ಟಿದರು.

"ನಡಿ. ಭದ್ರಾವತಿಗೆ, ಮಲ್ಲೇಶನ ಮನೆಗೆ ಹೋಗಿ ಬರೋಣ. ಲೆಕ್ಕ ನನಗೆ ಹೇಳೋಕೆ ಬರಲ್ಲ."

ಮಲ್ಲೇಶ್ ಮನೆಯಲ್ಲಿ ಟೀವಿ ಹಾಕಿಕೊಂಡು ಮಂಚದ ಮೇಲೆ ಒರಗಿದ್ದರು. ಎಡಗೈಯಲ್ಲಿ ರಬ್ಬರ್ ಚೆಂಡು, ಹಿಸುಕಲು ಡಾಕ್ಟರ್ ಹೇಳಿದ್ದು. ಚೆಂಡು ಒಂದಿಷ್ಟೂ ತಗ್ಗುತ್ತಿರಲಿಲ್ಲ.

"ಬಾ ಮಾರಾಯ. ಮಳೆ ತಗೊಂಡು ಬಂದ್ಯಾ, ಬಿಟ್ಟು ಬಂದ್ಯಾ?" ಎಂದು ನಕ್ಕರು.

ಹೆಂಡತಿ ಹುಲಿಗೆಮ್ಮ ಟೀ ಇಟ್ಟರು. ಖಾಜಾ ಪೀರ್ ಲೋಟ ಮುಟ್ಟಲಿಲ್ಲ.

"ಮಳೆ ಅಲ್ಲ ಮಲ್ಲೇಶ. ಗಂಟಿಗೆ ಎರಡು ಹಿಡಿ ಕಟ್ಟಿದ್ದೆ. ನಿನಗೆ ಹೇಳಿರಲಿಲ್ಲ. ಒಣಗಿದ್ರೂ ಹಿಂಗೇ ಆಗ್ತಿತ್ತಂತೆ. ಆಲಿಯಾ ಮರಳಲ್ಲಿ ಹಾಕಿ ನೋಡಿದ್ಲು."

ಮಲ್ಲೇಶ್ ಆಲಿಯಾಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಹುಲಿಗೆಮ್ಮ ಟೀವಿ ಆರಿಸಿದರು.

"ನಾನು ಒಂದು ಹಿಡಿ ಅಂತ ಚೀಲ ಹಿಡ್ಕೊಂಡು ನಿಂತಿದ್ದೆ," ಎಂದರು ಮಲ್ಲೇಶ್. "ಎರಡು ಅಂತ ಒಂದು ಮಾತು ಕೂಗಿದ್ರೆ ಸರ್ಕೊಳ್ತಿದ್ದೆ. ಮಳೆ ಅಂದಾಗ ಸುಮ್ಮನಿದ್ದೆ ಖಾಜಾ. ಮಳೆ ಮೇಲೆ ಸಿಟ್ಟು ಮಾಡಿ ಏನು ಬಂತು ಅಂತ. ಈಗ ಏನ್ ಮಾಡ್ಲಿ?"

"ಮಾಡು. ನನ್ನ ಮೇಲೆ ಮಾಡು."

"ಇವತ್ತು ಎದ್ದು ಹೋಗು ಮಾರಾಯ."

ಅವರು ಎದ್ದರು. ಹುಲಿಗೆಮ್ಮ ಬಾಗಿಲವರೆಗೂ ಬರಲಿಲ್ಲ. ಅಪ್ಪ-ಮಗಳು ಬಸ್ ಸ್ಟ್ಯಾಂಡಿಗೆ ನಡೆದರು. ತಾನು ಒಂದು ಗೆಳೆತನ ಮುರಿದೆನೇನೋ ಎಂದು ಆಲಿಯಾಳಿಗೆ ಅನ್ನಿಸಿತು. ಹಾಗಂತ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಮನಸ್ಸೂ ಬರಲಿಲ್ಲ.

ಬಸ್ಸು ಬಿಟ್ಟ ಮೇಲೆ ಖಾಜಾ ಪೀರ್ ಫೋನ್ ತೆಗೆದರು.

"ಹಾಲಸ್ವಾಮಿ, ನಾಳೆ ಕೆಳಗೆ ಯಾರೂ ನಿಲ್ಲೋದು ಬೇಡ. ಎಲ್ಲಾ ಹಗ್ಗದಲ್ಲೇ ಇಳಿಸ್ತೀನಿ. ತಡ ಆದ್ರೆ ಆಗ್ಲಿ."

ಆ ಕಡೆಯಿಂದ ಯಾಕೆ ಎಂದು ಕೇಳಿರಬೇಕು. ಖಾಜಾ ಪೀರ್ ಕಿಟಕಿಯ ಕಡೆ ತಿರುಗಿದರು. ಬಸ್ಸಿನ ಸದ್ದಿನಲ್ಲಿ ಕೇಳಿಸಲೆಂದು ದನಿ ಏರಿಸಿಯೇ ಹೇಳಿದರು, ಮುಂದಿನ ಸೀಟಿನವರೂ ತಿರುಗಿ ನೋಡಿದರು.

"ಮಲ್ಲೇಶನ ಭುಜ ಮುರಿದಿದ್ದು ಮಳೆ ಅಲ್ಲ ಕಣೋ. ನಾನು."